ಕಾಲಿನಿಂದ ಕೈಗೆ ಬಂದ ಹೆಬ್ಬೆರಳು

ಕಾಗದದ ದಪ್ಪ ಹೇಳುವುದಕ್ಕೆ ನನಗೆ ಎಂದೂ ಮಾಪಕ ಬೇಕಾಗಿರಲಿಲ್ಲ. ಹಾಳೆಯ ಮೂಲೆಯನ್ನು ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ಒಮ್ಮೆ ಉಜ್ಜಿದರೆ ಸಾಕು, ಇದು 60 ಜಿಎಸ್‌ಎಂ, ಇದು 70, ಇದು 80 ಎಂದು ಹೇಳಿಬಿಡುತ್ತಿದ್ದೆ. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಎನ್ನುವ ಲೆಕ್ಕ. ರೀಮಿನ ಮೇಲೆ 70ರ ಚೀಟಿ ಅಂಟಿಸಿ ಒಳಗೆ 60ರ ಹಾಳೆ ತುಂಬಿ ಕಳಿಸಿದ ಒಬ್ಬ ವ್ಯಾಪಾರಿಯನ್ನು ಹೀಗೆಯೇ ಹಿಡಿದಿದ್ದೆ. ಗದಗಿನಲ್ಲಿ ನಮ್ಮದು ಸಣ್ಣ ಮುದ್ರಣಾಲಯ. ಅಪ್ಪನ ಕಾಲದಲ್ಲಿ ಅಚ್ಚಿನ ಮೊಳೆ ಜೋಡಿಸಿ ಟ್ರೆಡಲ್ ಯಂತ್ರ ತುಳಿಯುತ್ತಿದ್ದರು, ನನ್ನ ಕಾಲಕ್ಕೆ ಆಫ್‌ಸೆಟ್ ಬಂತು. ಲಗ್ನಪತ್ರಿಕೆ, ರಸೀದಿ ಪುಸ್ತಕ, ಜಾತ್ರೆಯ ಕರಪತ್ರ ನಮ್ಮ ಜೀವನ. ಆ ಜೀವನವೆಲ್ಲ ಒಂದು ಬೆರಳಿನ ತುದಿಯಲ್ಲಿತ್ತು ಎನ್ನುವುದು ಅದು ಹೋದ ಮೇಲೆ ಗೊತ್ತಾಯಿತು.

ಅಂದು ಯಂತ್ರದ ತಪ್ಪಿರಲಿಲ್ಲ. ನಮ್ಮ ಕಟಿಂಗ್ ಯಂತ್ರದ ಕತ್ತಿ ಇಳಿಯಬೇಕಾದರೆ ಎರಡು ಗುಂಡಿಗಳನ್ನು ಎರಡು ಕೈಯಿಂದ ಒಟ್ಟಿಗೆ ಒತ್ತಬೇಕು. ಕೈಗಳೆರಡೂ ಗುಂಡಿಯ ಮೇಲಿದ್ದರೆ ಕತ್ತಿಯ ಕೆಳಗೆ ಕೈ ಹೋಗುವುದು ಹೇಗೆ? ಯಂತ್ರ ಮಾಡಿದವರ ಲೆಕ್ಕ ಅದು. ಲಗ್ನದ ದಿನಗಳ ಅವಸರದಲ್ಲಿ ಆ ಲೆಕ್ಕ ನನಗೆ ಬೇಸರ ತರಿಸಿತ್ತು. ಬಲಗಡೆಯ ಗುಂಡಿಗೆ ನಾನೇ ಕಟ್ಟಿಗೆಯ ಚಕ್ಕೆಯೊಂದನ್ನು ಸಿಕ್ಕಿಸಿ ಒತ್ತಿದಂತೆಯೇ ನಿಲ್ಲಿಸಿದ್ದೆ. ಎಡಗೈಯಿಂದ ಒತ್ತುವುದು, ಬಲಗೈಯಿಂದ ಕಟ್ಟು ಸರಿಪಡಿಸುವುದು. ಹೀಗೆ ಎರಡು ವರ್ಷ ನಡೆದಿತ್ತು. ಎರಡು ವರ್ಷ ನಡೆದದ್ದು ಮುಂದೆಯೂ ನಡೆಯುತ್ತದೆ ಎಂದುಕೊಂಡಿದ್ದೆ.

ಕಟಿಂಗ್ ಯಂತ್ರದಲ್ಲಿ ಮೊದಲು ಇಳಿಯುವುದು ಕತ್ತಿಯಲ್ಲ. ಕಾಗದ ಅಲುಗದಂತೆ ಅದುಮಿ ಹಿಡಿಯುವ ಕಬ್ಬಿಣದ ಪಟ್ಟಿ ಮೊದಲು ಬರುತ್ತದೆ, ಅದರ ಹಿಂದೆಯೇ ಕತ್ತಿ. ಒಂದು ಹಾಳೆ ಕಟ್ಟಿನಿಂದ ಹೊರಗೆ ಚಾಚಿತ್ತು, ಅದನ್ನು ಒಳಗೆ ತಳ್ಳುತ್ತಿದ್ದೆ. ಪಟ್ಟಿ ಹೆಬ್ಬೆರಳನ್ನು ಜಜ್ಜಿತು, ಕತ್ತಿ ಅದನ್ನು ಬುಡದಿಂದ ತೆಗೆಯಿತು. ಆ ಕ್ಷಣಕ್ಕೆ ನೋವಾಗಲಿಲ್ಲ. ಅರಿಸಿನ ಬಣ್ಣದ ಲಗ್ನಪತ್ರಿಕೆಯ ಕಟ್ಟು ಕೆಂಪಾದದ್ದನ್ನು ಕಂಡು, ಅಯ್ಯೋ, ಐನೂರು ಪ್ರತಿ ಹಾಳಾದವಲ್ಲ ಎಂದುಕೊಂಡದ್ದು ಮಾತ್ರ ನೆನಪಿದೆ.

ನಮ್ಮಲ್ಲಿ ಕೆಲಸಕ್ಕಿದ್ದ ಹುಡುಗ ನನಗಿಂತ ಗಟ್ಟಿಗ. ಕೈಗೆ ಟವೆಲ್ ಬಿಗಿದ, ಬೆರಳನ್ನು ಹುಡುಕಿದ, ಪಕ್ಕದ ಸೋಡಾ ಅಂಗಡಿಯಿಂದ ಮಂಜುಗಡ್ಡೆ ತಂದು ಅದರೊಳಗೆ ಬೆರಳನ್ನು ಹೂತು ಡಬ್ಬಿಯ ಮುಚ್ಚಳ ಹಾಕಿದ. ಅವನ ಬುದ್ಧಿಯನ್ನು ಇಂದಿಗೂ ಮೆಚ್ಚುತ್ತೇನೆ. ಆದರೆ ಮಾಡಬೇಕಾದದ್ದು ಸ್ವಲ್ಪ ಬೇರೆ. ತುಂಡಾದ ಬೆರಳನ್ನು ಶುದ್ಧ ನೀರಿನಲ್ಲಿ ಒದ್ದೆ ಮಾಡಿ ಹಿಂಡಿದ ಬಟ್ಟೆಯಲ್ಲಿ ಸುತ್ತಬೇಕು. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಾಯಿ ಕಟ್ಟಬೇಕು. ಆ ಚೀಲವನ್ನು ಮಂಜುಗಡ್ಡೆಯ ನೀರಿನಲ್ಲಿ ಇಡಬೇಕು. ಮಂಜು ನೇರವಾಗಿ ತಾಗಿದರೆ ಜೀವಕೋಶಗಳು ಸುಟ್ಟಂತಾಗುತ್ತವೆ. ಇದನ್ನು ಈಗ ನಮ್ಮ ಮುದ್ರಣಾಲಯದ ಗೋಡೆಯ ಮೇಲೆ 36 ಪಾಯಿಂಟ್ ಅಕ್ಷರದಲ್ಲಿ ಅಚ್ಚು ಹಾಕಿಸಿ ಅಂಟಿಸಿದ್ದೇನೆ. ಕಟ್ಟಿಗೆಯ ಚಕ್ಕೆಯನ್ನು ಒಲೆಗೆ ಹಾಕಿಯಾಗಿದೆ.

ಸೂಕ್ಷ್ಮದರ್ಶಕದಡಿ ರಕ್ತನಾಳ ಹೊಲಿಯುವವರು ಆ ರಾತ್ರಿ ಸಿಕ್ಕದ್ದು ಬೆಂಗಳೂರಿನಲ್ಲಿ. ನಾನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ, ತಲುಪಿದಾಗ ನಸುಕಿನ ನಾಲ್ಕು ಗಂಟೆ. ತಡವಾಯಿತೇ ಎಂದು ಕೇಳಿದೆ. ಬೆರಳಿನಲ್ಲಿ ಮಾಂಸಖಂಡ ಇಲ್ಲದಿರುವುದರಿಂದ ಅದು ತಂಪಿನಲ್ಲಿ ಇಡೀ ದಿನ ತಾಳಬಲ್ಲದು, ತೋಳಾಗಿದ್ದರೆ ಆರು ತಾಸು ದಾಟಿದರೂ ಕಷ್ಟವಿತ್ತು ಎಂದು ಶಸ್ತ್ರವೈದ್ಯೆ ಹೇಳಿದರು. ಜೋಡಿಸಿಯೂ ನೋಡಿದರು. ಕತ್ತಿ ಕೊಯ್ದದ್ದು ಸ್ವಚ್ಛವಾಗಿತ್ತು, ಆದರೆ ಪಟ್ಟಿ ಜಜ್ಜಿದ ಭಾಗದಲ್ಲಿ ರಕ್ತನಾಳದ ಒಳಪದರ ಕಿತ್ತುಹೋಗಿತ್ತು. ಮೂರನೆಯ ದಿನಕ್ಕೆ ಬೆರಳು ಕಪ್ಪಾಯಿತು. ಐದನೆಯ ದಿನ ತೆಗೆದರು.

ಹೆಬ್ಬೆರಳಿಲ್ಲದ ಮೂರು ತಿಂಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಅಂಗಿಯ ಗುಂಡಿ, ಬಾಟಲಿಯ ಮುಚ್ಚಳ, ನೋಟಿನ ಎಣಿಕೆ, ಪೆನ್ನು ಇವೆಲ್ಲ ಕೈಬಿಟ್ಟುಹೋದವು ಎಂದರೆ ಓದುವವರು ಊಹಿಸಿಕೊಳ್ಳಬಲ್ಲರು. ಊಹೆಗೆ ಬಾರದ್ದು ಜೋಳದ ರೊಟ್ಟಿ. ಕಟಕ ರೊಟ್ಟಿಯನ್ನು ಮುರಿಯುವುದಕ್ಕೂ ಮುರಿದ ತುಂಡಿನಲ್ಲಿ ಪಲ್ಯ ಹಿಡಿಯುವುದಕ್ಕೂ ಹೆಬ್ಬೆರಳೇ ಬೇಕು. ಹೆಂಡತಿ ಮಕ್ಕಳಿಗೆ ಮುರಿದುಕೊಟ್ಟಂತೆ ನನಗೂ ರೊಟ್ಟಿ ಮುರಿದು ತಟ್ಟೆಗೆ ಹಾಕುತ್ತಿದ್ದಳು. ನೋಡಲು ಬಂದವರಲ್ಲಿ ಹತ್ತಕ್ಕೆ ಎಂಟು ಮಂದಿ ಏಕಲವ್ಯನ ಹೆಸರು ತೆಗೆದರು. ಅವನು ಗುರುವಿಗೆ ಕೊಟ್ಟ, ನಾನು ಲಗ್ನಪತ್ರಿಕೆಗೆ ಕೊಟ್ಟೆ ಎಂದು ಹೇಳಿ ಹೇಳಿ ಸಾಕಾಯಿತು.

ಕಾಲ್ಬೆರಳಿನ ಮಾತು ಬಂದದ್ದು ಗಾಯ ಮಾಗಿದ ಮೇಲೆ. ಶಸ್ತ್ರವೈದ್ಯೆ ಮೂರು ದಾರಿ ಹೇಳಿದರು. ತೋರುಬೆರಳನ್ನೇ ಹೆಬ್ಬೆರಳಿನ ಜಾಗಕ್ಕೆ ಸರಿಸುವುದು ಒಂದು. ಸೊಂಟದ ಎಲುಬಿನ ಚೂರು ಇಟ್ಟು ತೊಡೆಸಂದಿನ ಚರ್ಮ ಹೊದಿಸಿ ಒಂದು ಗೂಟ ಮಾಡಿಕೊಡುವುದು ಎರಡನೆಯದು. ಅದು ಹಿಡಿಯುತ್ತದೆ, ಆದರೆ ಮಡಚುವುದಿಲ್ಲ, ಸ್ಪರ್ಶವೂ ಅಷ್ಟಕ್ಕಷ್ಟೇ. ಮೂರನೆಯದು ಕಾಲಿನ ಬೆರಳನ್ನು ಎಲುಬು, ಕೀಲು, ಸ್ನಾಯುರಜ್ಜು, ನರ, ರಕ್ತನಾಳ, ಉಗುರುಗಳ ಸಮೇತ ಎತ್ತಿ ಕೈಗೆ ಕೂಡಿಸುವುದು.

“ಕಾಗದ ಮುಟ್ಟಿ ದಪ್ಪ ಹೇಳಲು ಯಾವುದರಿಂದ ಆದೀತು?” ಎಂದು ಕೇಳಿದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಅಷ್ಟು ಆಗುತ್ತದೆ ಎಂದು ಮಾತು ಕೊಡಲಾರೆ. ಆಗುವುದಿದ್ದರೆ ಕಾಲ್ಬೆರಳಿನಿಂದ ಮಾತ್ರ” ಎಂದರು.

ಮುಂದಿನ ಪ್ರಶ್ನೆ, ಕಾಲಿನ ಹೆಬ್ಬೆರಳೋ ಅದರ ಪಕ್ಕದ್ದೋ. ಹೆಬ್ಬೆರಳು ಕೊಟ್ಟರೆ ಕೈಯಲ್ಲಿ ಚೆನ್ನಾಗಿ ಕಾಣುತ್ತದೆ, ಬಲವೂ ಹೆಚ್ಚು, ಆದರೆ ಹೆಜ್ಜೆ ಎತ್ತುವಾಗ ನೆಲವನ್ನು ಒದೆಯುವುದು ಅದೇ. ಎರಡನೆಯ ಬೆರಳು ಕೊಟ್ಟರೆ ನಡಿಗೆಗೆ ಹೆಚ್ಚು ನಷ್ಟವಿಲ್ಲ, ಕೈಯಲ್ಲಿ ಮಾತ್ರ ಸಣ್ಣದಾಗಿ, ತುದಿ ಹೆಡೆಯಂತೆ ಅಗಲವಾಗಿ ಕಾಣುತ್ತದೆ. ಬರಿಗಾಲಲ್ಲಿ ಗುಡಿಗೆ ಹೋಗುವ, ಉಂಗುಷ್ಠದ ಚಪ್ಪಲಿ ಮೆಟ್ಟುವ ನನಗೆ ಎರಡನೆಯದೇ ಸರಿ ಎನಿಸಿತು. ಹಿಂದೊಮ್ಮೆ ಕಾರ್ಮಿಕ ಸಂಘದವರಿಗೆ ಕೈಪಿಡಿ ಅಚ್ಚು ಹಾಕಿಕೊಟ್ಟಾಗ 1923ರ ಪರಿಹಾರ ಕಾಯ್ದೆಯ ಪಟ್ಟಿಯನ್ನು ನಾನೇ ಕರಡು ತಿದ್ದಿದ್ದೆ. ಅದರಲ್ಲಿ ಕೈಯ ಹೆಬ್ಬೆರಳು ಹೋದರೆ ಗಳಿಕೆಯ ಶಕ್ತಿಯಲ್ಲಿ ಶೇಕಡಾ 30 ನಷ್ಟ, ಕಾಲಿನ ಹೆಬ್ಬೆರಳು ಬುಡದಿಂದ ಹೋದರೆ 14, ಕಾಲಿನ ಬೇರಾವುದೇ ಬೆರಳು ಬುಡದಿಂದ ಹೋದರೆ 3. ಮೂರು ಕೊಟ್ಟು ಮೂವತ್ತು ತರುವ ವ್ಯವಹಾರ. ವ್ಯಾಪಾರಿಗೆ ಇದಕ್ಕಿಂತ ಏನು ಬೇಕು?

ಮನೆಯಲ್ಲಿ ಲೆಕ್ಕ ಇಷ್ಟು ಸುಲಭವಿರಲಿಲ್ಲ. ನನ್ನ ಕಾಲಿನ ಎರಡನೆಯ ಬೆರಳು ಹೆಬ್ಬೆರಳಿಗಿಂತ ಉದ್ದ. ಹೆಣ್ಣಿಗೆ ಹಾಗಿದ್ದರೆ ಗಂಡನನ್ನು ಆಳುತ್ತಾಳೆ ಎನ್ನುವ ಮಾತಿದೆ. ಗಂಡಿಗಿದ್ದರೆ ಏನು ಎಂಬುದು ಯಾವ ಅತ್ತೆಗೂ ಗೊತ್ತಿರಲಿಲ್ಲ. “ಕಾಲುಂಗುರದ ಬೆರಳನ್ನು ಕೈಗೆ ಏರಿಸಿಕೊಳ್ಳುತ್ತೀರಲ್ಲ” ಎಂದು ಹೆಂಡತಿ ನಕ್ಕಳು. ಅವ್ವ ನಗಲಿಲ್ಲ. ಬಲಗೈ ಊಟದ ಕೈ. ಕಾಲಿನ ಬೆರಳನ್ನು ಬಾಯಿಗೆ ಒಯ್ಯುವುದು ಹೇಗೆ? ಎರಡು ದಿನ ಅವಳು ಆ ಮಾತೇ ಎತ್ತಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಪೂಜೆ ಮುಗಿಸಿ ಬಂದವಳು, “ಪಾದೋದಕ ತೆಗೆದುಕೊಂಡ ಬಾಯಿ ಇದು. ನಿನ್ನದೇ ಪಾದ ನಿನಗೇನು ಮೈಲಿಗೆ? ಹೋಗಿ ಮಾಡಿಸಿಕೊಂಡು ಬಾ” ಎಂದಳು. ಅಲ್ಲಿಗೆ ಮುಗಿಯಿತು.

ಬೀಡಿಯನ್ನು ಒಂದು ತಿಂಗಳು ಮೊದಲೇ ಬಿಡಿಸಿದರು. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಹಿಂಡುತ್ತದೆ. ಒಂದು ಬೀಡಿ ಎಂಟು ತಾಸಿನ ಕೆಲಸವನ್ನು ಕೆಡಿಸಬಹುದು ಎಂದು ಶಸ್ತ್ರವೈದ್ಯೆ ಹೇಳಿದ್ದರಲ್ಲಿ ಹೆದರಿಸುವ ಉದ್ದೇಶವೂ ಇತ್ತೇನೋ. ಪಾದದ ರಕ್ತನಾಳಗಳ ನಕ್ಷೆ ತೆಗೆದರು. ಹೆಬ್ಬೆರಳು ಮತ್ತು ಎರಡನೆಯ ಬೆರಳಿನ ನಡುವೆ ಬರುವ ಧಮನಿ ಕೆಲವರಲ್ಲಿ ಚರ್ಮದ ಕೆಳಗೇ ಹರಿಯುತ್ತದೆ, ಕೆಲವರಲ್ಲಿ ಸ್ನಾಯುವಿನ ಆಳಕ್ಕೆ ಇಳಿಯುತ್ತದೆ, ಕೆಲವರಲ್ಲಿ ಇದ್ದೂ ಇಲ್ಲದಷ್ಟು ಸಣ್ಣದು. ನನ್ನದು ಮೇಲೆಯೇ ಇತ್ತು. ಖರ್ಚಿನ ಬಗ್ಗೆ ಇಷ್ಟೇ ಹೇಳುತ್ತೇನೆ: ಒಂದು ಬಣ್ಣದ ಹಳೆಯ ಆಫ್‌ಸೆಟ್ ಯಂತ್ರ ಕೊಳ್ಳಲು ಕೂಡಿಟ್ಟದ್ದು ಪೂರ್ತಿ ಹೋಯಿತು.

ಶಸ್ತ್ರಚಿಕಿತ್ಸೆಯ ದಿನ ಬೆಳಿಗ್ಗೆ ಎಂಟಕ್ಕೆ ಒಳಗೆ ಹೋದೆ. ಎಚ್ಚರವಾದಾಗ ಕತ್ತಲಾಗಿತ್ತು. ನಡುವಿನ ಹೊತ್ತಿನಲ್ಲಿ ನನ್ನ ಮೈಯಲ್ಲಿ ನಡೆದದ್ದನ್ನು ನಾನು ನೋಡಿದ್ದು ಆರನೆಯ ದಿನ. ವಿಜಯಪುರದ ಕಡೆಯ ಕಿರಿಯ ವೈದ್ಯನೊಬ್ಬ ಸೂಕ್ಷ್ಮದರ್ಶಕದ ಕ್ಯಾಮೆರಾ ಹಿಡಿದಿಟ್ಟ ದೃಶ್ಯವನ್ನು ಮೊಬೈಲಿನಲ್ಲಿ ತೋರಿಸಿದ. “ನೋಡುತ್ತೀರಾ ಕಾಕಾ, ಹೆದರುವುದಿಲ್ಲವಷ್ಟೇ?” ಎಂದು ಕೇಳಿಯೇ ತೋರಿಸಿದ್ದು.

ಎರಡು ತಂಡಗಳು ಒಟ್ಟಿಗೆ ಕೆಲಸ ಮಾಡಿದ್ದವು, ಒಂದು ಕೈಯ ಹತ್ತಿರ, ಇನ್ನೊಂದು ಕಾಲಿನ ಹತ್ತಿರ. ಕೈಯವರು ಹಳೆಯ ಗಾಯ ತೆರೆದು ಮೊಂಡಾಗಿ ಕುಳಿತಿದ್ದ ನರದ ತುದಿ, ಒಳಗೆ ಸೇದಿಕೊಂಡಿದ್ದ ಸ್ನಾಯುರಜ್ಜು, ಮಣಿಕಟ್ಟಿನ ಬದಿಯ ಧಮನಿ, ಅಭಿಧಮನಿಗಳನ್ನು ಹುಡುಕಿ ಗುರುತು ಹಾಕಿದರು. ಕಾಲಿನವರು ಬೆರಳನ್ನು ಎಲ್ಲದರಿಂದ ಬಿಡಿಸಿ ಎರಡು ಎಳೆಗಳ ಮೇಲೆ ಮಾತ್ರ ಉಳಿಸಿದರು. ರಕ್ತ ತರುವ ಧಮನಿ ಒಂದು, ಮರಳಿ ಒಯ್ಯುವ ಅಭಿಧಮನಿ ಇನ್ನೊಂದು. ಸ್ವಲ್ಪ ಹೊತ್ತು ಹಾಗೆಯೇ ಬಿಟ್ಟು, ಆ ಎರಡು ಎಳೆಗಳ ಮೇಲೆಯೇ ಬೆರಳು ಗುಲಾಬಿಯಾಗಿದೆಯೇ ಎಂದು ನೋಡಿದರು. ಆಮೇಲೆ ಕೊಯ್ದರು. ಎಲುಬಿಗೆ ತಂತಿ ಚುಚ್ಚಿ ಕೈಗೆ ನಿಲ್ಲಿಸಿದರು, ಮಡಚುವ ರಜ್ಜು, ಚಾಚುವ ರಜ್ಜುಗಳನ್ನು ಕೂಡಿಸಿದರು. ಅಲ್ಲಿಯವರೆಗಿನದು ಬಡಗಿಯ ಕೆಲಸ ಎಂದ ಹುಡುಗ. ಅವನ ಮಾತನ್ನು ಅವನ ಗುರುಗಳು ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ.

ಆಮೇಲೆ ಸೂಕ್ಷ್ಮದರ್ಶಕ ಎಳೆದುಕೊಂಡರು. ಪರದೆಯ ಮೇಲೆ ನೀಲಿ ಹಿನ್ನೆಲೆ, ಅದರ ಮೇಲೆ ಸೇವಿಗೆಯ ಎಳೆಯಂಥ ಎರಡು ತುದಿಗಳು. ಸೇವಿಗೆ ಎಂದದ್ದು ನಮ್ಮ ಕಣ್ಣಿಗೆ ದೊಡ್ಡದಾಗಿ ಕಂಡದ್ದಕ್ಕೆ. ನಿಜದಲ್ಲಿ ಅದರ ಅಡ್ಡಳತೆ ಒಂದೂವರೆ ಮಿಲಿಮೀಟರ್. ನನ್ನ ಭಾಷೆಯಲ್ಲಿ ಹೇಳಬೇಕೆಂದರೆ, 80 ಜಿಎಸ್‌ಎಂ ಹಾಳೆಯ ದಪ್ಪ ಸುಮಾರು ಮಿಲಿಮೀಟರಿನ ಹತ್ತನೆಯ ಒಂದು ಭಾಗ. ಹದಿನೈದು ಹಾಳೆ ಒಂದರ ಮೇಲೊಂದು ಇಟ್ಟರೆ ಎಷ್ಟೋ ಆ ಧಮನಿ ಅಷ್ಟು. ಹೊಲಿಯುವ ದಾರ ಒಂದು ಹಾಳೆಯ ನಾಲ್ಕನೆಯ ಒಂದು ಭಾಗದಷ್ಟು ದಪ್ಪ. ಅದನ್ನು ಹತ್ತು ಸೊನ್ನೆಯ ದಾರ ಎನ್ನುತ್ತಾರೆ, ಸೊನ್ನೆ ಹೆಚ್ಚಿದಷ್ಟೂ ದಾರ ಸಣ್ಣ. ಬರಿಗಣ್ಣಿಗೆ ಅದು ಕಂಡರೂ ಕಂಡಂತಲ್ಲ, ಬೆಳಕಿಗೆ ಹಿಡಿದರೆ ಒಮ್ಮೆ ಮಿಂಚುತ್ತದೆ ಅಷ್ಟೇ.

ಆ ಕೈಗಳನ್ನು ನೋಡುತ್ತಿದ್ದಂತೆ ನನಗೆ ಅಪ್ಪ ನೆನಪಾದರು. ಎಂಟು ಪಾಯಿಂಟಿನ ಮೊಳೆಯನ್ನು ಅಕ್ಷರದ ಪೆಟ್ಟಿಗೆಯ ಮನೆಯಿಂದ ಎತ್ತಿ, ಅಕ್ಷರವನ್ನು ತಿರುಗುಮುರುಗಾಗಿ ಓದುತ್ತ ಮೊಳೆ ಜೋಡಿಸುವ ಸ್ಟಿಕ್ಕಿನಲ್ಲಿ ಕೂರಿಸುವಾಗ ಅವರ ಉಸಿರು ಕೂಡ ಕೇಳುತ್ತಿರಲಿಲ್ಲ. ಶಸ್ತ್ರವೈದ್ಯೆಯ ಚಿಮುಟ ರಕ್ತನಾಳದ ಗೋಡೆಯನ್ನು ಹಿಸುಕುತ್ತಿರಲಿಲ್ಲ, ಅಂಚಿನ ಹೊರಪೊರೆಯನ್ನು ಮಾತ್ರ ಹಿಡಿದು ಎತ್ತುತ್ತಿತ್ತು. ಸೂಜಿ ಒಂದು ತುದಿಯ ಗೋಡೆಗೆ ಹೊರಗಿನಿಂದ ಒಳಕ್ಕೆ ಹೋಗಿ, ಇನ್ನೊಂದು ತುದಿಯ ಗೋಡೆಯ ಒಳಗಿನಿಂದ ಹೊರಕ್ಕೆ ಬರುತ್ತಿತ್ತು. ದಾರದ ಗಂಟು ಬಿಗಿಯಾದರೆ ಗೋಡೆ ಹರಿಯುತ್ತದೆ, ಸಡಿಲವಾದರೆ ಸೋರುತ್ತದೆ, ಎದುರಿನ ಗೋಡೆಯನ್ನೂ ಸೇರಿಸಿ ಹೊಲಿದರೆ ದಾರಿಯೇ ಮುಚ್ಚುತ್ತದೆ. ಸುತ್ತಲೂ ಎಂಟು ಹೊಲಿಗೆ. ಒಂದನ್ನು ಹಾಕಿ, ದೃಷ್ಟಿಸಿ ನೋಡಿ, ಇಷ್ಟವಾಗದೆ ಕತ್ತರಿಸಿ ಮತ್ತೆ ಹಾಕಿದರು. ಕರಡಿನಲ್ಲಿ ಒಂದು ಕೊಂಬು ತಪ್ಪಿದ್ದಕ್ಕೆ ಇಡೀ ಸಾಲು ಬಿಚ್ಚಿಸುತ್ತಿದ್ದ ಅಪ್ಪನೇ ಅಲ್ಲಿ ಕುಳಿತಂತಿತ್ತು.

ಕಡೆಗೆ ರಕ್ತನಾಳವನ್ನು ಅದುಮಿ ಹಿಡಿದಿದ್ದ ಕ್ಲಿಪ್ಪು ತೆಗೆದರು. ಕಾಲಿನಿಂದ ಬಿಟ್ಟಾಗಿನಿಂದ ಮೇಣದಂತೆ ಬೆಳ್ಳಗಿದ್ದ ಬೆರಳು ಮೊದಲು ಏನೂ ಮಾಡಲಿಲ್ಲ. ಅದರ ಮೇಲೆ ಬೆಚ್ಚನೆಯ ನೀರು ಹನಿಸಿದರು. ಬುಡದಿಂದ ಒಂದು ಬಣ್ಣ ಹತ್ತತೊಡಗಿತು, ಕಾಗದಕ್ಕೆ ಶಾಯಿ ಇಳಿಯುವಂತೆ, ಆದರೆ ಮೇಲ್ಮುಖವಾಗಿ. ಉಗುರಿನ ತನಕ ಬಂದು ನಿಂತಿತು. ಹುಡುಗ ಆ ಭಾಗವನ್ನು ಎರಡನೆಯ ಸಲ ತೋರಿಸಿದ. ನಾನು ಮೂರನೆಯ ಸಲವೂ ಕೇಳಿದೆ.

ಇದೆಲ್ಲ ಎಷ್ಟು ಹೊಸದು ಎನ್ನುವುದನ್ನೂ ಅವನೇ ಹೇಳಿದ್ದು. ಮಲಗಿದಲ್ಲಿ ನನಗೂ ಬೇರೆ ಕೆಲಸವಿರಲಿಲ್ಲ, ಓದಿಕೊಂಡೆ. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೇನೆಯ ಎತ್ತು ಹೊಡೆಯುತ್ತಿದ್ದ ಕೌವಾಸ್‌ಜಿ ಎಂಬವನು ಟಿಪ್ಪುವಿನ ಸೆರೆಗೆ ಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಜಾತಿಯವನೊಬ್ಬ ಹಣೆಯ ಚರ್ಮವನ್ನು ತಿರುಗಿಸಿ ಅವನಿಗೆ ಮೂಗು ಕಟ್ಟಿಕೊಟ್ಟ. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜಿನ್ ಇದನ್ನು ಚಿತ್ರಸಹಿತ ಅಚ್ಚು ಹಾಕಿದ ಮೇಲೆಯೇ ಯುರೋಪಿನ ವೈದ್ಯರು ಕಣ್ಣರಳಿಸಿದ್ದು. ಈ ಕಥೆಯನ್ನು ಹೇಳುವವರೆಲ್ಲ ಮೂಗಿನ ಮಾತಾಡುತ್ತಾರೆ. ನಾನು ಕೈಯ ಬಗ್ಗೆ ಯೋಚಿಸಿದೆ. ಹಣೆಯ ಚರ್ಮಕ್ಕೆ ಒಂದು ಬದಿಯ ಬೇರು ಉಳಿಸಿಕೊಂಡೇ ಮೂಗಿಗೆ ತಿರುಗಿಸಬಹುದು, ರಕ್ತ ಆ ಬೇರಿನಿಂದ ಬರುತ್ತಿರುತ್ತದೆ. ಬೇರು ಕಡಿದು ದೂರಕ್ಕೆ ಒಯ್ಯುವ ವಿದ್ಯೆ ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆಸ್ಟ್ರಿಯಾದ ನಿಕೊಲಾಡೋನಿ ಕಾಲ್ಬೆರಳನ್ನು ಕೈಗೆ ತಂದ, ಆದರೆ ಅದಕ್ಕಾಗಿ ರೋಗಿಯ ಕೈಯನ್ನು ಕಾಲಿಗೆ ಕಟ್ಟಿ ವಾರಗಟ್ಟಲೆ ಮಲಗಿಸಬೇಕಾಯಿತು. ರಕ್ತನಾಳ ಹೊಲಿಯುವ ಕ್ರಮ ತೋರಿಸಿದ ಅಲೆಕ್ಸಿ ಕರೆಲ್‌ಗೆ 1912ರಲ್ಲಿ ನೊಬೆಲ್ ಬಂತು, ಆದರೆ ಮಿಲಿಮೀಟರಿನ ನಾಳಕ್ಕೆ ಕಣ್ಣು ಸಾಲದು. ಸೂಕ್ಷ್ಮದರ್ಶಕದಡಿ ಅದನ್ನು ಹೊಲಿಯಬಹುದೆಂದು 1960ರಲ್ಲಿ ಅಮೆರಿಕದಲ್ಲಿ ತೋರಿಸಿದರು. 1966ರಲ್ಲಿ ಶಾಂಘೈಯಲ್ಲಿ ಯಾಂಗ್ ಡೊಂಗ್ಯುಯೆ ನನ್ನಂತೆಯೇ ಒಬ್ಬರಿಗೆ ಎರಡನೆಯ ಬೆರಳು ಕೂಡಿಸಿದರು, 1968ರಲ್ಲಿ ಇಂಗ್ಲೆಂಡಿನ ಜಾನ್ ಕಾಬೆಟ್ ಕಾಲಿನ ಹೆಬ್ಬೆರಳನ್ನೇ ಕೂಡಿಸಿದರು. ಕೌವಾಸ್‌ಜಿಗೂ ನನಗೂ ನಡುವೆ ಇರುವುದು ಒಂದು ಮಸೂರ, ಒಂದು ದಾರ.

ಮೊದಲ ರಾತ್ರಿಯ ಕಥೆ ಬಾಕಿ ಇದೆ. ಎಲ್ಲರೂ ಶಸ್ತ್ರಚಿಕಿತ್ಸೆ ಹೇಗಿತ್ತು ಎಂದು ಕೇಳುತ್ತಾರೆ. ಅದು ನನಗೆ ಗೊತ್ತಿಲ್ಲ, ಮಲಗಿದ್ದೆ. ನನ್ನ ಪಾಲಿಗೆ ಬಂದದ್ದು ಕಾಯುವುದು. ಕೋಣೆಯ ಎಸಿ ಬಂದ್, ಹೀಟರ್ ಚಾಲೂ. ತಂಪು ತಾಗಿದರೆ ನಾಳಗಳು ಮುದುಡುತ್ತವೆ. ಚಹಾ ಇಲ್ಲ. ಗದಗಿನವನಿಗೆ ಐದು ದಿನ ಚಹಾ ಇಲ್ಲವೆಂದರೆ ಬೆರಳು ಹೋದದ್ದಕ್ಕಿಂತ ದೊಡ್ಡ ಮಾತು. ಕೈ ದಿಂಬುಗಳ ಮೇಲೆ ಎತ್ತರದಲ್ಲಿ, ಬ್ಯಾಂಡೇಜಿನ ನಡುವೆ ಬೆರಳಿನ ತುದಿ ಮಾತ್ರ ಹೊರಗೆ. ಗಂಟೆಗೊಮ್ಮೆ ಸಿಸ್ಟರ್ ಬಂದು ಟಾರ್ಚ್ ಬಿಡುತ್ತಿದ್ದರು, ಉಗುರಿನ ಪಕ್ಕ ಒತ್ತಿ ಬಿಡುತ್ತಿದ್ದರು, ಬಿಳುಪಾದದ್ದು ಮತ್ತೆ ಕೆಂಪಾಗಲು ಎಷ್ಟು ಹೊತ್ತು ಎಂದು ಎಣಿಸುತ್ತಿದ್ದರು. ಎರಡು ಸೆಕೆಂಡಾದರೆ ಸರಿ. ಬರದಿದ್ದರೆ ಧಮನಿ ಕಟ್ಟಿದೆ. ಒತ್ತಿ ಬಿಡುವುದರೊಳಗೆ ಬಂದುಬಿಟ್ಟರೆ ಅದೂ ಕೆಟ್ಟದ್ದು, ರಕ್ತ ಒಳಗೆ ಬಂದಿದೆ, ಹೊರಗೆ ಹೋಗಲು ದಾರಿಯಿಲ್ಲ. ಡಾಪ್ಲರ್ ಎಂಬ ಪೆನ್ನಿನಂಥ ಉಪಕರಣ ಹಚ್ಚಿದರೆ ಬೆರಳಿನೊಳಗಿಂದ ಹುಷ್, ಹುಷ್ ಎಂದು ಸದ್ದು. ನಮ್ಮ ಹಳೆಯ ಟ್ರೆಡಲ್ ದೂರದಿಂದ ಕೇಳಿದಂತೆ.

ರಾತ್ರಿ ಎರಡರ ಸುತ್ತಿಗೆ ಬಂದ ಸಿಸ್ಟರ್ ಟಾರ್ಚ್ ಆರಿಸಲಿಲ್ಲ. ಮತ್ತೊಮ್ಮೆ ಒತ್ತಿದರು. ಸೂಜಿಯಿಂದ ಚುಚ್ಚಿದರು, ನನಗೆ ತಿಳಿಯಲಿಲ್ಲ, ನರ ಇನ್ನೂ ಕೂಡಿರಲಿಲ್ಲವಲ್ಲ. ಬಂದ ಹನಿ ನೇರಳೆ ಹಣ್ಣಿನ ಬಣ್ಣದ್ದು. ಅವರು ಏನೂ ಹೇಳದೆ ಹೊರಗೆ ಹೋಗಿ ಫೋನ್ ಮಾಡಿದರು. ಹತ್ತು ನಿಮಿಷದಲ್ಲಿ ಕಿರಿಯ ವೈದ್ಯ, ಅರ್ಧ ಗಂಟೆಯಲ್ಲಿ ಶಸ್ತ್ರವೈದ್ಯೆ. ಬ್ಯಾಂಡೇಜ್ ಕತ್ತರಿಸಿದರು. ಬೆರಳಿನ ಬುಡದಲ್ಲಿ ಚರ್ಮದ ಎರಡು ಹೊಲಿಗೆಗಳನ್ನು ಬಿಚ್ಚಿದೊಡನೆ ಒಳಗೆ ಹೆಪ್ಪುಗಟ್ಟಿದ್ದ ರಕ್ತ ಹೊರಬಂತು. ಅದು ಅಭಿಧಮನಿಯನ್ನು ಒತ್ತುತ್ತಿತ್ತಂತೆ.

“ಇನ್ನು ಹದಿನೈದು ನಿಮಿಷ ನೋಡೋಣ. ಬಣ್ಣ ತಿರುಗದಿದ್ದರೆ ಮತ್ತೆ ಒಳಗೆ ಹೋಗುತ್ತೇವೆ” ಎಂದು ಕುರ್ಚಿ ಎಳೆದುಕೊಂಡು ಕುಳಿತರು.

ನಾಲ್ಕು ಜನ ಒಂದು ಬೆರಳನ್ನು ನೋಡುತ್ತ ಕುಳಿತೆವು. ಯಾರೂ ಮಾತಾಡಲಿಲ್ಲ. ಬದನೆಕಾಯಿಯ ಬಣ್ಣ ನಿಧಾನವಾಗಿ ಮಾವಿನ ಚಿಗುರಿನ ಬಣ್ಣಕ್ಕೆ ಬಂತು. ಶಸ್ತ್ರವೈದ್ಯೆ ಎದ್ದು ಚಪ್ಪಲಿ ಮೆಟ್ಟಿಕೊಂಡರು. ಅವರು ಬೇರೆ ಬೇರೆ ಜೋಡಿಯ ಚಪ್ಪಲಿ ಹಾಕಿಕೊಂಡು ಬಂದಿದ್ದರು. ಕರೆದದ್ದೂ ಓಡಿಬಂದದ್ದೂ ಹಾಗಿತ್ತು. ಆ ಸಿಸ್ಟರ್ ಮರುದಿನ ರಜೆಯಲ್ಲಿದ್ದರು, ಧನ್ಯವಾದ ಹೇಳಲು ಮೂರು ದಿನ ಕಾದೆ. “ಒತ್ತಿ ನೋಡುವುದು ನನ್ನ ಕೆಲಸ ಅಣ್ಣ” ಎಂದರು, ಅಷ್ಟೇ.

ಕಾಲಿನದು ದೊಡ್ಡ ಕಥೆಯಲ್ಲ. ಬೆರಳು ತೆಗೆದ ಜಾಗವನ್ನು ಹೊಲಿದು ಸಂದು ಮುಚ್ಚಿದ್ದರು. ಮೂರು ವಾರ ಹಿಮ್ಮಡಿಯ ಮೇಲೆ ಕುಂಟಿದೆ. ಈಗ ನಾಲ್ಕು ಬೆರಳಿನ ಪಾದ ಎಂದು ಎಣಿಸಿದರೆ ಮಾತ್ರ ಗೊತ್ತಾಗುತ್ತದೆ. ಚಪ್ಪಲಿಯ ಉಂಗುಷ್ಠ ಸಡಿಲವೆನಿಸಿ ಚಮ್ಮಾರನಲ್ಲಿ ಒಂದು ಹೊಲಿಗೆ ಹಾಕಿಸಿದೆ.

ಕೈಯ ತಂತಿಯನ್ನು ಆರು ವಾರಕ್ಕೆ ತೆಗೆದರು. ಅಲ್ಲಿಂದ ಶುರುವಾದದ್ದು ಮಿದುಳಿನ ಪಾಠ. ನರ ದಿನಕ್ಕೆ ಒಂದು ಮಿಲಿಮೀಟರಿನಂತೆ ಬೆಳೆಯುತ್ತದೆ ಎಂದಿದ್ದರು. ಹೊಲಿದ ಜಾಗದಿಂದ ತುದಿಗೆ ಆರು ಸೆಂಟಿಮೀಟರ್, ಅಂದರೆ ಎರಡು ತಿಂಗಳು ಎಂದು ನಾನು ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆ. ಎರಡು ತಿಂಗಳಿಗೆ ಏನೂ ಆಗಲಿಲ್ಲ. ನಾಲ್ಕನೆಯ ತಿಂಗಳಲ್ಲಿ ಒಂದು ಸಂಜೆ ಸೊಳ್ಳೆ ಕಚ್ಚಿತು. ಎಡಗಾಲಿನಲ್ಲಿ ತುರಿಕೆ. ಬಗ್ಗಿ ಕಾಲು ಕೆರೆದುಕೊಂಡೆ, ಕೆರೆಯಲು ಅಲ್ಲಿ ಬೆರಳೇ ಇಲ್ಲ. ಸೊಳ್ಳೆ ಬಲಗೈಯ ಹೆಬ್ಬೆರಳ ಮೇಲೆ ನಿಶ್ಚಿಂತೆಯಿಂದ ಕುಳಿತಿತ್ತು.

ಮುಂದಿನ ಕೆಲವು ತಿಂಗಳು ಹೀಗೆಯೇ. ಬಿಸಿ ಲೋಟ ಹಿಡಿದರೆ ಕಾಲು ಸುಡುತ್ತಿತ್ತು. ಕೈಯ ವ್ಯಾಯಾಮ ಕಲಿಸುವವರು ಒಂದು ಬಟ್ಟಲಲ್ಲಿ ಅಕ್ಕಿ, ಒಂದರಲ್ಲಿ ಹೆಸರುಕಾಳು, ಇನ್ನೊಂದರಲ್ಲಿ ರಾಗಿ ತುಂಬಿ, ಮೊದಲು ನೋಡುತ್ತ, ಆಮೇಲೆ ಕಣ್ಣು ಮುಚ್ಚಿ ಬೆರಳಾಡಿಸಲು ಹೇಳಿದರು. ಮಖಮಲ್ಲಿನ ಚೂರು, ಉಜ್ಜುಕಾಗದ, ಬಟ್ಟೆಯ ಕ್ಲಿಪ್ಪು. ಬೆರಳು ಕಳಿಸುವ ಸುದ್ದಿ ಸರಿಯೇ ಇರುತ್ತದೆ, ಮಿದುಳು ಅದನ್ನು ಹಳೆಯ ವಿಳಾಸಕ್ಕೆ ಹಾಕುತ್ತಿರುತ್ತದೆ, ಹೊಸ ವಿಳಾಸ ಕಲಿಸಬೇಕು ಎಂದು ಅವರು ವಿವರಿಸಿದರು. ದಿನಕ್ಕೆ ನಾಲ್ಕು ಸಲ ಕಾಳು ಆಡಿಸುತ್ತ ಕುಳಿತ ನನ್ನನ್ನು ಕಂಡು ಅವ್ವ, ಬಸುರಿ ಹೆಂಗಸೂ ಇಷ್ಟು ಕಾಳು ಆರಿಸುವುದಿಲ್ಲ ಎಂದಳು. ಯಾವ ದಿನ ಅದು ಕಾಲಿನ ಬೆರಳಾಗಿರುವುದು ಬಿಟ್ಟು ಕೈಯದಾಯಿತು ಎಂದು ಕೇಳಿದರೆ ಹೇಳಲಾರೆ. ಒಂದು ದಿನ ಬೆಳಿಗ್ಗೆ ಲೋಟ ಹಿಡಿದು ಕೈ ಸುಟ್ಟುಕೊಂಡೆ, ಸುಟ್ಟದ್ದು ಕೈಯೇ.

ಪಡಿತರದ ಅಂಗಡಿಯ ಯಂತ್ರ ಮಾತ್ರ ಒಪ್ಪಲಿಲ್ಲ. ಅಭ್ಯಾಸಬಲದಿಂದ ಬಲಗೈಯ ಹೆಬ್ಬೆಟ್ಟು ಇಟ್ಟೆ. ಕಾಲ್ಬೆರಳಿನ ತುದಿಯಲ್ಲೂ ಗೆರೆಗಳಿವೆ, ಯಂತ್ರ ಓದಿತು, ಹೊಂದಿಕೆಯಾಗುತ್ತಿಲ್ಲ ಎಂದಿತು. ಅದು ಹೇಳಿದ್ದು ಸರಿಯೇ ಇತ್ತು. ಅಂಗಡಿಯವನಿಗೆ ವಿಷಯ ವಿವರಿಸಿದರೆ, ಹಿಂದೆ ಸಾಲಿನಲ್ಲಿದ್ದ ಹೆಂಗಸರೆಲ್ಲ ನನ್ನ ಕೈ ನೋಡಲು ಮುಂದೆ ಬಂದರು, ಅರ್ಧ ಗಂಟೆ ಪಡಿತರ ನಿಂತಿತು. ಆಮೇಲೆ ಎಡಗೈ ಇಟ್ಟು ಅಕ್ಕಿ ತಂದೆ.

ಕೊರತೆಗಳನ್ನು ಮುಚ್ಚಿಡುವುದಿಲ್ಲ. ಬೆರಳು ಸಣ್ಣದು, ತುದಿ ಸ್ವಲ್ಪ ಕೆಳಕ್ಕೆ ಬಾಗಿಯೇ ಇರುತ್ತದೆ. ಡಿಸೆಂಬರಿನ ಬೆಳಗಿನಲ್ಲಿ ನೀಲಿಗಟ್ಟಿ ಸಿಡಿಯುತ್ತದೆ, ಉಣ್ಣೆಯ ಚೀಲ ಹಾಕಿಕೊಳ್ಳುತ್ತೇನೆ. ಉಗುರು ಉಳಿದ ಬೆರಳುಗಳಿಗಿಂತ ನಿಧಾನ, ಕಾಲಿನ ಉಗುರಿನ ಗತಿಯಲ್ಲೇ ಬೆಳೆಯುತ್ತದೆ. ಹಿಡಿತ ಮೊದಲಿನಷ್ಟಿಲ್ಲ. ಆದರೆ ಕಟಕ ರೊಟ್ಟಿ ಮುರಿಯುತ್ತದೆ.

ಮೊನ್ನೆ, ಶಸ್ತ್ರಚಿಕಿತ್ಸೆಯಾಗಿ ಒಂದೂವರೆ ವರ್ಷಕ್ಕೆ, ಮಗಳು ನನ್ನ ಕಣ್ಣಿಗೆ ಟವೆಲ್ ಕಟ್ಟಿ ಗೋದಾಮಿನಲ್ಲಿ ಕೂರಿಸಿದಳು. ಮೂರು ರೀಮುಗಳಿಂದ ಹಾಳೆ ತೆಗೆದು ಒಂದೊಂದಾಗಿ ಕೈಗೆ ಕೊಟ್ಟಳು. ಮೊದಲನೆಯದನ್ನು ಉಜ್ಜಿದೆ. 60 ಎಂದೆ. ಸರಿ ಎಂದಳು. ಎರಡನೆಯದು ದಪ್ಪವೆನಿಸಿತು, 80 ಎಂದೆ. ಸರಿ. ಮೂರನೆಯದನ್ನು ಬಹಳ ಹೊತ್ತು ಉಜ್ಜಿದೆ. ಮೂಲೆ ಬದಲಿಸಿದೆ, ತಿರುವಿ ಹಿಡಿದೆ. 80ಕ್ಕಿಂತ ಕಡಿಮೆಯೇನೋ ಅನಿಸುತ್ತಿತ್ತು, ಎಷ್ಟು ಕಡಿಮೆ ಎಂಬುದು ಬೆರಳಿಗೆ ಹತ್ತುತ್ತಿರಲಿಲ್ಲ.

“ಹೇಳಪ್ಪ” ಎಂದಳು.

“ಇನ್ನೊಂದು ಸಲ 80ರದ್ದು ಕೊಡು” ಎಂದೆ.